ಕೂಡುರಸ್ತೆಯಲ್ಲಿ ಜನರ ಮಾತು



ದೇವದುರ್ಗ, ಮಾನ್ವಿಗಳ ಕಡೆಯಿಂದ ರಾಯಚೂರಿನ ಕಾಲೇಜುಗಳಿಗೆ ದಿನವೂ ಬಸ್ಸಿನಲ್ಲಿ ಬಂದು ಹೋಗುವವರು ನಿಮ್ಮಲ್ಲಿ ಅನೇಕರಿದ್ದೀರಿ. ಹೊಲಗಳ ನಡುವೆ ಬಸ್ಸು ಸರಾಗವಾಗಿ ಓಡುತ್ತದೆ. ಊರು ಸಮೀಪಿಸಿದಂತೆ ಅದರ ವೇಗ ಕುಂದುತ್ತದೆ. ಕೊನೆಗೆ ಒಂದು ಸರ್ಕಲಿನ ಹತ್ತಿರ ನಿಂತೇ ಬಿಡುತ್ತದೆ. ಮುಂದೆ ಹತ್ತಿ ಹೇರಿಕೊಂಡ ಟ್ರ್ಯಾಕ್ಟರ್. ಪಕ್ಕದಲ್ಲಿ ಬಲಕ್ಕೆ ತಿರುಗಲು ಕಾದಿರುವ ಲಾರಿ. ಸಂದಿಯಲ್ಲಿ ನುಸುಳುವ ಮೋಟಾರ್ ಸೈಕಲ್ಲುಗಳು. ಇವೆಲ್ಲದರ ನಡುವೆ ಕೈ ಅಡ್ಡ ಹಿಡಿದು ರಸ್ತೆ ದಾಟುವ ಜನ. ಮೊದಲನೆಯ ಪಾಠ ತಪ್ಪಿಹೋಗುತ್ತದೆ. ಆಗ ಬಸ್ಸಿನಲ್ಲಿ ಕೂತವರೆಲ್ಲ ಒಂದೇ ಮಾತು ಹೇಳುತ್ತಾರೆ: 'ಈ ಸರ್ಕಲ್ ಸುಧಾರಿಸಬೇಕು.'

ಸುಧಾರಿಸಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೇಗೆ ಸುಧಾರಿಸಬೇಕು, ಅದನ್ನು ಯಾರು ನಿರ್ಧರಿಸಬೇಕು, ನಿರ್ಧಾರಕ್ಕೆ ಮೊದಲು ಯಾರನ್ನು ಕೇಳಬೇಕು ಎಂಬುದೇ ಪ್ರಶ್ನೆ. ಇಂದಿನ ಭಾಷಣದಲ್ಲಿ ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ.

ರಾಯಚೂರು ಕೂಡುವ ದಾರಿಗಳ ಊರು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡು ಇದು. ಮುಂಬಯಿ ಕಡೆಯಿಂದ ಬಂದ ರೈಲುಮಾರ್ಗವೂ ಮದ್ರಾಸಿನ ಕಡೆಯಿಂದ ಬಂದ ರೈಲುಮಾರ್ಗವೂ 1871ರಲ್ಲಿ ಕೂಡಿದ್ದು ಇದೇ ರಾಯಚೂರಿನಲ್ಲಿ. ಇಂದು ತೆಲಂಗಾಣದ ಮಹಬೂಬ್‌ನಗರದ ಕಡೆಗೂ ಆಂಧ್ರದ ಆದೋನಿಯ ಕಡೆಗೂ ಹೋಗುವ ರಾಷ್ಟ್ರೀಯ ಹೆದ್ದಾರಿ 167 ಈ ನಗರವನ್ನು ಹಾದು ಹೋಗುತ್ತದೆ. ಲಿಂಗಸುಗೂರು, ಮಾನ್ವಿ, ಸಿಂಧನೂರು, ದೇವದುರ್ಗಗಳ ದಾರಿಗಳೂ ಇಲ್ಲಿಗೇ ಬಂದು ಸೇರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕಡೆಯ ಭತ್ತ, ನಾರಾಯಣಪುರ ಬಲದಂಡೆ ಕಾಲುವೆಯ ಕಡೆಯ ಹತ್ತಿ ಮತ್ತು ಮೆಣಸಿನಕಾಯಿ ಗಂಜ್‌ಗೆ ಬರುವುದು ಇವೇ ದಾರಿಗಳಲ್ಲಿ. ಸುಗ್ಗಿಯಲ್ಲಿ ಸ್ಟೇಷನ್ ಸರ್ಕಲ್, ತೀನ್ ಕಂದೀಲ್, ಗಂಜ್ ಕಡೆ ಓಡಾಡಿದವರಿಗೆ ಹೆಚ್ಚಿಗೆ ಹೇಳಬೇಕಾಗಿಲ್ಲ.

ಮೊದಲು ಕೂಡುರಸ್ತೆಯ ವಿಜ್ಞಾನವನ್ನು ಸ್ವಲ್ಪ ನೋಡೋಣ. ನಾನು ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವನು. ಎಣಿಸಬಹುದಾದದ್ದನ್ನು ಎಣಿಸಿ ನೋಡುವ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಒಂದು ಕಾಗದದ ಮೇಲೆ ಕೂಡಿಸುವ ಚಿಹ್ನೆಯಂತೆ ಎರಡು ರಸ್ತೆಗಳನ್ನು ಬರೆಯಿರಿ. ನಾಲ್ಕು ಕಡೆಯಿಂದಲೂ ವಾಹನಗಳು ಬರಲಿ. ಪ್ರತಿಯೊಂದು ಕಡೆಯಿಂದ ಬಂದ ವಾಹನ ಎಡಕ್ಕೆ ತಿರುಗಬಹುದು, ನೇರ ಹೋಗಬಹುದು, ಬಲಕ್ಕೆ ತಿರುಗಬಹುದು. ಹೀಗೆ ಒಟ್ಟು 12 ಪಥಗಳಾಗುತ್ತವೆ. ಈ 12 ಗೆರೆಗಳನ್ನು ಎಳೆದು, ಅವು ಒಂದನ್ನೊಂದು ಎಲ್ಲೆಲ್ಲಿ ಮುಟ್ಟುತ್ತವೆ ಎಂದು ಚುಕ್ಕೆ ಇಡಿ. ಒಂದನ್ನೊಂದು ಕತ್ತರಿಸುವ ಚುಕ್ಕೆಗಳು 16, ಕೂಡುವ ಚುಕ್ಕೆಗಳು 8, ಬೇರ್ಪಡುವ ಚುಕ್ಕೆಗಳು 8, ಒಟ್ಟು 32. ಇವನ್ನು ಸಂಘರ್ಷ ಬಿಂದುಗಳು ಎನ್ನುತ್ತಾರೆ. ಪ್ರತಿಯೊಂದು ಬಿಂದುವಿನಲ್ಲೂ ಒಬ್ಬರು ಇನ್ನೊಬ್ಬರಿಗಾಗಿ ನಿಲ್ಲಬೇಕು, ಇಲ್ಲವೇ ಡಿಕ್ಕಿ ಹೊಡೆಯಬೇಕು. ಮೂರು ರಸ್ತೆಗಳು ಸೇರುವ ಕಡೆ ಇಂಥ ಬಿಂದುಗಳು 9 ಮಾತ್ರ. ನಾಲ್ಕು ರಸ್ತೆಗಳ ನಡುವೆ ವೃತ್ತಾಕಾರದ ಕಟ್ಟೆ ಕಟ್ಟಿ ಎಲ್ಲರೂ ಒಂದೇ ದಿಕ್ಕಿನಲ್ಲಿ ಅದನ್ನು ಸುತ್ತುವಂತೆ ಮಾಡಿದರೆ ಬಿಂದುಗಳು 8ಕ್ಕೆ ಇಳಿಯುತ್ತವೆ. ಕತ್ತರಿಸುವ ಬಿಂದು ಒಂದೂ ಉಳಿಯುವುದಿಲ್ಲ.

ಹಾಗಾದರೆ ಎಲ್ಲ ಕಡೆ ವೃತ್ತಗಳನ್ನೇ ಕಟ್ಟಬಾರದೇಕೆ? ವೃತ್ತಕ್ಕೆ ಜಾಗ ಬೇಕು, ಶಿಸ್ತೂ ಬೇಕು. ಒಳಗೆ ಸುತ್ತುತ್ತಿರುವ ವಾಹನಕ್ಕೆ ಹೊರಗಿನಿಂದ ಬರುವ ವಾಹನ ದಾರಿ ಬಿಡಬೇಕು ಎಂಬ ನಿಯಮವನ್ನು ಬ್ರಿಟನ್ನಿನಲ್ಲಿ 1966ರಲ್ಲಿ ಜಾರಿಗೆ ತಂದರು. ಅದಕ್ಕೆ ಮೊದಲು ಅಲ್ಲಿಯೂ ವೃತ್ತಗಳು ಎಷ್ಟೋ ಸಲ ಪೂರ್ತಿ ಕಟ್ಟಿಕೊಳ್ಳುತ್ತಿದ್ದವು. ಒಳಗಿದ್ದವರು ಹೊರಬರಲಾರದೆ, ಹೊರಗಿದ್ದವರು ಒಳಬರಲಾರದೆ ನಿಲ್ಲುತ್ತಿದ್ದರು. ಕಟ್ಟೆ ಹಳೆಯದೇ ಇತ್ತು, ಬದಲಾದದ್ದು ನಿಯಮ.

ಇನ್ನೊಂದು ವಿಷಯ. ರಸ್ತೆಯಲ್ಲಿ ಎಲ್ಲ ವಾಹನಗಳೂ ಒಂದೇ ಅಳತೆಯವಲ್ಲ. ಅವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಎಂಜಿನಿಯರುಗಳು ಕಾರನ್ನು ಮಾನವಾಗಿ ಇಟ್ಟುಕೊಂಡಿದ್ದಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗ್ರಾಮೀಣ ರಸ್ತೆಗಳಿಗಾಗಿ 1990ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಕಾರು ಅಥವಾ ಆಟೋ ಒಂದಕ್ಕೆ 1 ಅಂಶ, ಮೋಟಾರ್ ಸೈಕಲ್ಲಿಗೆ ಅರ್ಧ, ಬಸ್ಸು ಅಥವಾ ಲಾರಿಗೆ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ ನಾಲ್ಕೂವರೆ, ಎತ್ತಿನ ಬಂಡಿಗೆ 8. ವಾಹನ ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ನಿಧಾನವಾಗಿ ಸಾಗುತ್ತದೆ ಎಂಬುದರ ಮೇಲೆ ಈ ಅಂಶ ನಿಂತಿದೆ. ನಗರದ ರಸ್ತೆಗಳಿಗೆ ಅಂಕಿಗಳು ಸ್ವಲ್ಪ ಬೇರೆ, ತತ್ತ್ವ ಒಂದೇ.

ಕೂಡುರಸ್ತೆಯನ್ನು ಸುಧಾರಿಸಲು ಹಲವು ಮಾರ್ಗಗಳಿವೆ. ದೀಪ ಹಾಕಬಹುದು, ವೃತ್ತ ಕಟ್ಟಬಹುದು, ಬಸ್ ನಿಲುಗಡೆಯನ್ನು ನೂರು ಹೆಜ್ಜೆ ಮುಂದಕ್ಕೆ ಸರಿಸಬಹುದು, ಭಾರಿ ವಾಹನಗಳನ್ನು ಬೈಪಾಸಿಗೆ ತಿರುಗಿಸಬಹುದು, ರಸ್ತೆ ಅಗಲ ಮಾಡಬಹುದು, ಮೇಲ್ಸೇತುವೆ ಕಟ್ಟಬಹುದು. ಪ್ರತಿಯೊಂದರಿಂದಲೂ ಕೆಲವರಿಗೆ ಲಾಭ, ಕೆಲವರಿಗೆ ನಷ್ಟ. ರಸ್ತೆ ಅಗಲವಾದರೆ ಬಸ್ಸಿನವರಿಗೆ ಲಾಭ. ಅಂಚಿನ ಅಂಗಡಿ ಹೋಗುತ್ತದೆ, ದಾಟುವವರಿಗೆ ದೂರ ಹೆಚ್ಚುತ್ತದೆ. ಮೇಲ್ಸೇತುವೆ ಕಟ್ಟಿದರೆ ಊರನ್ನು ದಾಟಿ ಹೋಗುವವರಿಗೆ ಲಾಭ. ಅದರ ಬುಡದಲ್ಲಿ ವ್ಯಾಪಾರ ಮಾಡುವವರಿಗೆ ಕತ್ತಲೆ. ಒಂದು ಮಾರ್ಗದಿಂದ ಎಷ್ಟು ವಾಹನ ಸಾಗುತ್ತದೆ ಎಂದು ಎಂಜಿನಿಯರು ಲೆಕ್ಕ ಹಾಕಿ ಹೇಳಬಲ್ಲರು. ಯಾರ ನಷ್ಟ ಎಷ್ಟರಮಟ್ಟಿಗೆ ಸಹ್ಯ ಎಂಬುದು ಲೆಕ್ಕಕ್ಕೆ ಸಿಕ್ಕುವ ವಿಷಯವಲ್ಲ. ಅದನ್ನು ತಿಳಿಯಬೇಕಾದರೆ ಅನುಭವಿಸುವವರನ್ನೇ ಕೇಳಬೇಕು. ಸಾರ್ವಜನಿಕ ಸಮಾಲೋಚನೆ ಬೇಕಾಗುವುದು ಇದಕ್ಕಾಗಿ.

ಕೇಳುವುದರಲ್ಲಿಯೂ ಬಗೆಗಳಿವೆ. ಇದಕ್ಕೆ ನಮ್ಮ ರಾಜ್ಯದ್ದೇ ಒಂದು ದೃಷ್ಟಾಂತವಿದೆ. ಅನಂತಪುರದ ದಾರಿಯಾಗಿ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿದ್ದರೆ, ಬೆಳಗಿನ ಹೊತ್ತು ಬಸ್ಸು ನಿಂತು ನಿಂತು ಸಾಗುವ ಹೆಬ್ಬಾಳವನ್ನು ನೀವು ಕಂಡಿರಬಹುದು. ಬಳ್ಳಾರಿ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಸ್ಥಳ ಅದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಅಲ್ಲಿನ ವಾಹನ ಪ್ರವಾಹ ಬಹಳ ಏರಿತು. ಇದಕ್ಕೆ ಪರಿಹಾರವೆಂದು ನಗರದ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯ ಯೋಜನೆಯನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2016ರಲ್ಲಿ ಮುಂದಿಟ್ಟಿತು. ಅಂದಾಜು ವೆಚ್ಚ ಸುಮಾರು 1,800 ಕೋಟಿ ರೂಪಾಯಿ. ದಾರಿಯಲ್ಲಿ 800ಕ್ಕೂ ಹೆಚ್ಚು ಮರಗಳು ಹೋಗಬೇಕಾಗಿತ್ತು.

ಪ್ರಾಧಿಕಾರ ಜನರ ಅಭಿಪ್ರಾಯವನ್ನು ಕೇಳಲೇ ಇಲ್ಲ ಎಂದರೆ ತಪ್ಪಾಗುತ್ತದೆ. ಕೆಲವು ದಿನಗಳ ಅವಕಾಶ ಕೊಟ್ಟು ಇ-ಮೇಲ್ ಮೂಲಕ ಅಭಿಪ್ರಾಯ ಆಹ್ವಾನಿಸಿತು. ಲಕ್ಷಾಂತರ ಜನ ಓಡಾಡುವ ದಾರಿಯ ಬಗ್ಗೆ ಬಂದ ಉತ್ತರಗಳು ಮುನ್ನೂರರ ಆಸುಪಾಸು. ಅವುಗಳಲ್ಲಿ ಹೆಚ್ಚಿನವು ಯೋಜನೆಯ ಪರವಾಗಿವೆ ಎಂದು ಪ್ರಾಧಿಕಾರ ಹೇಳಿತು. ಯೋಜನೆಯ ಪೂರ್ಣ ವಿವರ ತಮ್ಮ ಕೈಗೆ ಸಿಕ್ಕಿಲ್ಲ, ಬೇರೆ ದಾರಿಗಳನ್ನು ತೂಗಿ ನೋಡಿಲ್ಲ ಎಂದು ವಿರೋಧಿಸಿದವರು ದೂರಿದರು. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ನಾಗರಿಕರು ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು. ಅದೇ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಮಗಾರಿಗೆ ತಾತ್ಕಾಲಿಕ ತಡೆ ನೀಡಿತು. ರಾಜಕೀಯ ಆರೋಪ ಪ್ರತ್ಯಾರೋಪಗಳೂ ಸೇರಿಕೊಂಡವು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಈ ಕಥೆಯನ್ನು ಜನರ ಗೆಲುವು ಎಂದಷ್ಟೇ ಹೇಳಿ ಮುಗಿಸುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಸೇತುವೆ ಹೋಯಿತು, ದಟ್ಟಣೆ ಹೋಗಲಿಲ್ಲ. ಹೆಬ್ಬಾಳದಲ್ಲಿ ಹೊಸದೊಂದು ಲೂಪ್ ವಾಹನಗಳಿಗೆ ತೆರೆದದ್ದು 2025ರ ಆಗಸ್ಟಿನಲ್ಲಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಪ್ರಸ್ತಾವದ ಸುತ್ತಲೂ ಮತ್ತೆ ಅದೇ ಬಗೆಯ ಚರ್ಚೆ ಎದ್ದಿತು. ಮೊದಲೇ ಕುಳಿತು ಕೇಳಿದ್ದರೆ, ಮೊದಲೇ ವಿವರವಾಗಿ ಹೇಳಿದ್ದರೆ, ನಡುವಿನ ಎಷ್ಟೋ ವರ್ಷಗಳು ಉಳಿಯುತ್ತಿದ್ದವೇನೋ. ಸಮಾಲೋಚನೆ ಸರಿಯಾಗಿ ನಡೆಯದಿದ್ದರೆ ಸರ್ಕಾರವೂ ಸೋಲುತ್ತದೆ, ಜನರೂ ಸೋಲುತ್ತಾರೆ. ಬಸ್ಸಿನಲ್ಲಿ ಕೂತವರು ಮಾತ್ರ ಕೂತೇ ಇರುತ್ತಾರೆ.

ಹಾಗಾದರೆ ಸರಿಯಾದ ಸಮಾಲೋಚನೆ ಎಂದರೆ ಯಾವುದು? ಇದಕ್ಕೆ ಒಳ್ಳೆಯ ಅಳತೆಗೋಲು ಒಂದು ಶಾಲೆಯ ಜಗಳದಿಂದ ಹುಟ್ಟಿತು. ಲಂಡನ್ ನಗರದ ಬ್ರೆಂಟ್ ಎಂಬ ಭಾಗದಲ್ಲಿ ಅಲ್ಲಿನ ಸ್ಥಳೀಯ ಸಂಸ್ಥೆ ಶಾಲೆಗಳನ್ನು ಮುಚ್ಚಲು ಹೊರಟಾಗ, ನಮ್ಮನ್ನು ಸರಿಯಾಗಿ ಕೇಳಿಲ್ಲ ಎಂದು ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. 1985ರ ಆ ಮೊಕದ್ದಮೆಯಲ್ಲಿ ನಾಲ್ಕು ಸೂತ್ರಗಳು ಸ್ಪಷ್ಟಗೊಂಡವು. ಒಂದು, ತೀರ್ಮಾನ ಇನ್ನೂ ಹದದಲ್ಲಿರುವಾಗಲೇ ಕೇಳಬೇಕು. ತೀರ್ಮಾನಿಸಿದ ಮೇಲೆ ಕೇಳಬಾರದು. ಎರಡು, ಜನ ಬುದ್ಧಿಯಿಂದ ಉತ್ತರಿಸಲು ಬೇಕಾದ ಕಾರಣ ವಿವರಗಳನ್ನು ಕೊಡಬೇಕು. ಮೂರು, ಯೋಚಿಸಿ ಉತ್ತರಿಸಲು ಸಾಕಷ್ಟು ಕಾಲಾವಕಾಶ ಕೊಡಬೇಕು. ನಾಲ್ಕು, ಬಂದ ಉತ್ತರಗಳನ್ನು ತೀರ್ಮಾನ ಕೈಗೊಳ್ಳುವವರು ಆತ್ಮಸಾಕ್ಷಿಯಿಂದ ಪರಿಶೀಲಿಸಬೇಕು. ಅದು ಬೇರೆ ದೇಶದ ನ್ಯಾಯಾಲಯದ ಮಾತು, ನಮ್ಮಲ್ಲಿ ಕಾಯಿದೆಯಲ್ಲ. ಅಳೆದು ನೋಡಲು ಮಾತ್ರ ಈ ನಾಲ್ಕು ಸೂತ್ರಗಳು ಎಲ್ಲಿಯಾದರೂ ಸಲ್ಲುತ್ತವೆ. ನಿಮ್ಮ ಕಾಲೇಜು ಪರೀಕ್ಷೆಯ ವೇಳೆಯನ್ನು ಬದಲಿಸುವಾಗ ನಿಮ್ಮನ್ನು ಕೇಳಿದರೆ ಅದನ್ನೂ ಇವುಗಳಿಂದ ಅಳೆಯಬಹುದು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಪಟ್ಟಣದಲ್ಲಿ ಕೂಡುರಸ್ತೆಯ ಸುಧಾರಣೆಗಾಗಿ ಕರೆದಿದ್ದ ಸಾರ್ವಜನಿಕ ಸಭೆಯನ್ನು ಚಿತ್ರೀಕರಿಸಲು ಹೋಗಿದ್ದೆ. ಗೋಡೆಯ ಮೇಲೆ ದೊಡ್ಡ ನಕ್ಷೆ. ಅದರಲ್ಲಿನ ಬರವಣಿಗೆಯೆಲ್ಲ ಇಂಗ್ಲಿಷಿನಲ್ಲಿ. ಮುಂದಿನ ಸಾಲಿನಲ್ಲಿ ಊರಿನ ಹಿರಿಯರು, ವರ್ತಕರು, ವಾಹನಗಳ ಮಾಲೀಕರು. ಒಬ್ಬರಾದ ಮೇಲೊಬ್ಬರು ಎದ್ದು ಮಾತನಾಡಿದರು. ನನ್ನ ಕ್ಯಾಮೆರಾ ಅವರ ಕಡೆಗೇ ಇತ್ತು. ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ವಯಸ್ಸಾದ ತಾಯಿ, ಸರ್ಕಲಿನಲ್ಲಿ ಕಾಯಿಪಲ್ಯ ಮಾರುವವರು, ಅಲ್ಲಿಂದಲೇ ಕೇಳಿದರು:

'ಸಾಹೇಬ್ರ, ಗಾಡಿಗಳು ಹೆಂಗ ಹೋಗ್ತಾವು ಅಂತ ಎಲ್ಲಾ ಹೇಳಿದ್ರಿ. ನಾ ಬುಟ್ಟಿ ಹೊತ್ಕೊಂಡು ಆ ಕಡಿಗಿ ಹೆಂಗ ದಾಟ್ಲಿ?'

ಸಭೆಯಲ್ಲಿ ಕೆಲವರು ನಕ್ಕರು. ನಕ್ಷೆಯ ಮುಂದೆ ನಿಂತಿದ್ದ ಎಂಜಿನಿಯರು ನಗಲಿಲ್ಲ. ನಕ್ಷೆಯತ್ತ ತಿರುಗಿ ಸ್ವಲ್ಪ ಹೊತ್ತು ನೋಡಿದರು. ಜೇಬಿನಿಂದ ಪೆನ್ಸಿಲ್ ತೆಗೆದು ಒಂದು ಕಡೆ ಗುರುತು ಹಾಕಿಕೊಂಡರು. ಆ ನಕ್ಷೆಯಲ್ಲಿ ಜನ ದಾಟುವ ಪಟ್ಟಿ ಎಲ್ಲಿಯೂ ಇರಲಿಲ್ಲ.

ಸ್ಟುಡಿಯೋಗೆ ಬಂದು ಸಂಕಲನಕ್ಕೆ ಕುಳಿತೆ. ಆ ತಾಯಿಯ ಮಾತು ಮೈಕಿನಿಂದ ದೂರವಿದ್ದುದರಿಂದ ಧ್ವನಿ ಸ್ಪಷ್ಟವಾಗಿರಲಿಲ್ಲ. ಸಮಯವೂ ಮೀರುತ್ತಿತ್ತು. ಅದನ್ನು ಕತ್ತರಿಸಿದೆ. ಮುಂದಿನ ಸಾಲಿನವರ ಮಾತುಗಳೆಲ್ಲ ಪ್ರಸಾರವಾದವು. ಇಡೀ ಸಭೆಯಲ್ಲಿ ನಕ್ಷೆಯನ್ನು ಬದಲಿಸಬಲ್ಲ ಮಾತು ಆಡಿದವರು ಅವರೊಬ್ಬರೇ. ಎಂಜಿನಿಯರಿಗೆ ಅದು ಕೇಳಿಸಿತು, ನನಗೆ ಕೇಳಿಸಲಿಲ್ಲ. ಯಾರ ಮಾತು ಸ್ಪಷ್ಟವಾಗಿ ಕೇಳುತ್ತದೋ ಅವರದೇ ಅಭಿಪ್ರಾಯವನ್ನು ಸಾರ್ವಜನಿಕರ ಅಭಿಪ್ರಾಯವೆಂದು ತಿಳಿಯುವ ತಪ್ಪನ್ನು ಅಧಿಕಾರಿಗಳಷ್ಟೇ ನಾವೂ ಮಾಡುತ್ತೇವೆ.

ಆ ತಾಯಿಯ ಪ್ರಶ್ನೆಯನ್ನು ಅಂಕಿಗಳಲ್ಲಿ ಇಟ್ಟು ನೋಡಿ. ರಸ್ತೆ ದಾಟುವವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. 20 ಮೀಟರ್ ಅಗಲದ ರಸ್ತೆಯನ್ನು ದಾಟಲು ಈ ವೇಗದಲ್ಲಿ ಸುಮಾರು 17 ಸೆಕೆಂಡು ಬೇಕು. ತಲೆಯ ಮೇಲೆ ಬುಟ್ಟಿ ಹೊತ್ತ ವಯಸ್ಸಾದವರು ಸೆಕೆಂಡಿಗೆ 0.8 ಮೀಟರ್ ನಡೆದರೆ 25 ಸೆಕೆಂಡು ಬೇಕು. ದೀಪವನ್ನು 17 ಸೆಕೆಂಡಿಗೆ ಇಟ್ಟರೆ ಕೊನೆಯ 8 ಸೆಕೆಂಡು ಆಕೆ ರಸ್ತೆಯ ಮೇಲೆಯೇ ಇರುತ್ತಾರೆ, ವಾಹನಗಳು ಹೊರಟಿರುತ್ತವೆ. ಅವರ ಜೀವ ನಿಂತಿರುವುದು ಈ 8 ಸೆಕೆಂಡುಗಳ ಮೇಲೆ.

ರಸ್ತೆಯ ಮಾತು ಜೀವದ ಮಾತು ಎಂದು ಈ ಜಿಲ್ಲೆಯ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ. 2024ರ ಸೆಪ್ಟೆಂಬರ್ 5, ಶಿಕ್ಷಕರ ದಿನಾಚರಣೆಯಂದು, ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು. ಹಲವು ಮಕ್ಕಳು ತೀವ್ರವಾಗಿ ಗಾಯಗೊಂಡರು. ಅದು ಕೂಡುರಸ್ತೆಯಲ್ಲಿ ನಡೆದ ಅಪಘಾತವಲ್ಲ. ಆದರೂ ರಸ್ತೆಯ ವಿಷಯ ದೊಡ್ಡವರಿಗೆ ಬಿಟ್ಟದ್ದು ಎಂದು ಯಾರಾದರೂ ನಿಮಗೆ ಹೇಳಿದರೆ ಆ ದಿನವನ್ನು ನೆನೆಯಿರಿ. ದಿನವೂ ಎರಡು ಸಲ ಆ ರಸ್ತೆಗಳ ಮೇಲೆ ಹೋಗುವವರು ನೀವು.

ನಮ್ಮಲ್ಲಿ ಮಾತನಾಡಲು ಕಾಯಿದೆ ತೆರೆದಿಟ್ಟ ಬಾಗಿಲುಗಳು ಯಾವುವು? ರಾಷ್ಟ್ರೀಯ ಹೆದ್ದಾರಿಗಾಗಿ ಭೂಮಿ ಬೇಕಾದಾಗ 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಯಂತೆ ಅಧಿಸೂಚನೆ ಹೊರಡುತ್ತದೆ. ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ, ಒಂದರಲ್ಲಿ ಸ್ಥಳೀಯ ಭಾಷೆಯಲ್ಲಿ, ಪ್ರಕಟಿಸಬೇಕು. ಆ ಭೂಮಿಯಲ್ಲಿ ಹಿತಾಸಕ್ತಿ ಇರುವವರು 21 ದಿನಗಳೊಳಗೆ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಬಹುದು. ಅವರ ಅಹವಾಲನ್ನು ಅಧಿಕಾರಿ ಕೇಳಲೇಬೇಕು. 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಪಂಚಾಯತಿ ವ್ಯಾಪ್ತಿಯ ರಸ್ತೆಯಾದರೆ ಗ್ರಾಮಸಭೆ ಇದೆ. ಯೋಜನೆಯ ನಕ್ಷೆ, ಅಂದಾಜು ಪಟ್ಟಿ ಬೇಕೆಂದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಅವಧಿ.

ಭೂಮಿ ಬೇಡದ, ಮರ ಕಡಿಯದ ಸಣ್ಣ ಸುಧಾರಣೆಗೆ ಜನರನ್ನು ಕೇಳಲೇಬೇಕೆಂಬ ಕಟ್ಟಳೆ ಈ ಕಾಯಿದೆಗಳಲ್ಲಿ ಇಲ್ಲ. ಯಾರೂ ಕರೆಯದಿದ್ದರೂ ಹೇಳುವುದನ್ನು ಯಾರೂ ತಡೆದಿಲ್ಲ. ಯಾರಿಗೆ ಹೇಳಬೇಕು ಎಂಬುದನ್ನು ಮಾತ್ರ ತಿಳಿದಿರಬೇಕು. ಒಂದೇ ಸರ್ಕಲಿಗೆ ಯಜಮಾನರು ಹಲವರು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು, ಊರೊಳಗಿನ ಬೀದಿ ನಗರಾಡಳಿತದ್ದು, ವಾಹನ ಸಂಚಾರದ ನಿಯಂತ್ರಣ ಪೊಲೀಸರದು, ಬಸ್ಸುಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವು. ಇವರೆಲ್ಲ ಒಂದೇ ಮೇಜಿನ ಸುತ್ತ ಕೂರುವ ಸ್ಥಳ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ನಿಮ್ಮ ಪತ್ರದ ಒಂದು ಪ್ರತಿ ಅಲ್ಲಿಗೆ ಹೋಗಲಿ.

ಪತ್ರದಲ್ಲಿ ಏನು ಬರೆಯಬೇಕು? ಇದು ಬಹಳ ಮುಖ್ಯ. 'ಸರ್ಕಲಿನಲ್ಲಿ ತುಂಬಾ ತೊಂದರೆಯಾಗುತ್ತಿದೆ, ಕೂಡಲೇ ಸರಿಪಡಿಸಿ' ಎಂಬ ಪತ್ರ ಎಲ್ಲ ಕಚೇರಿಗಳಿಗೂ ಬರುತ್ತದೆ. ಎಣಿಸಿ ಬರೆದ ಪತ್ರ ಬರುವುದು ಅಪರೂಪ. ಅಂಥ ಪತ್ರ ನೀವು ಬರೆಯಬಹುದು.

ನಿಮ್ಮ ಅಧ್ಯಾಪಕರೊಬ್ಬರ ಜೊತೆಗೆ, ಸಂಚಾರ ಪೊಲೀಸರಿಗೆ ಮೊದಲೇ ತಿಳಿಸಿ, ರಸ್ತೆಗೆ ಇಳಿಯದೆ ಸುರಕ್ಷಿತವಾದ ಕಟ್ಟೆ ಅಥವಾ ಮಹಡಿಯ ಮೇಲೆ ಕೂತು ಎಣಿಸಿ. ಒಂದೊಂದು ರಸ್ತೆಗೆ ಇಬ್ಬರು. ಒಬ್ಬರು ಹೇಳಲಿ, ಒಬ್ಬರು ಬರೆಯಲಿ. ಹಾಳೆಯಲ್ಲಿ ಮೋಟಾರ್ ಸೈಕಲ್, ಆಟೋ ಮತ್ತು ಕಾರು, ಬಸ್ಸು ಮತ್ತು ಲಾರಿ, ಟ್ರ್ಯಾಕ್ಟರ್, ಬಂಡಿ ಎಂದು ಮನೆಗಳನ್ನು ಹಾಕಿ. ಎಡಕ್ಕೆಷ್ಟು, ನೇರಕ್ಕೆಷ್ಟು, ಬಲಕ್ಕೆಷ್ಟು ಎಂದು ಬೇರೆ ಬೇರೆ ಬರೆಯಿರಿ. ದಾಟುವ ಜನರಿಗೂ ಒಂದು ಮನೆ ಇರಲೇಬೇಕು. ಹದಿನೈದು ನಿಮಿಷಕ್ಕೊಂದು ಹಾಳೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಸಂತೆಯ ದಿನ ಒಮ್ಮೆ, ಸಾಮಾನ್ಯ ದಿನ ಒಮ್ಮೆ.

ಉದಾಹರಣೆಗಾಗಿ ಒಂದು ಲೆಕ್ಕ ಕಟ್ಟಿಕೊಳ್ಳೋಣ. ಹದಿನೈದು ನಿಮಿಷದಲ್ಲಿ 200 ಮೋಟಾರ್ ಸೈಕಲ್, 30 ಆಟೋ ಮತ್ತು ಕಾರು, 8 ಬಸ್ಸು ಮತ್ತು ಲಾರಿ, 12 ಟ್ರ್ಯಾಕ್ಟರ್ ಹೋದವು ಎನ್ನೋಣ. ಒಟ್ಟು 250 ವಾಹನ. ಇವನ್ನು ಆಗ ಹೇಳಿದ ಅಂಶಗಳಿಂದ ಗುಣಿಸಿ. ಮೋಟಾರ್ ಸೈಕಲ್ಲುಗಳು 100, ಆಟೋ ಮತ್ತು ಕಾರುಗಳು 30, ಬಸ್ಸು ಮತ್ತು ಲಾರಿಗಳು 24, ಟ್ರ್ಯಾಕ್ಟರುಗಳು 54. ಒಟ್ಟು 208 ಅಂಶ. ವಾಹನಗಳ ಸಂಖ್ಯೆಯಲ್ಲಿ ಟ್ರ್ಯಾಕ್ಟರುಗಳು ಶೇಕಡಾ 5ರಷ್ಟು. ರಸ್ತೆಯ ಮೇಲಿನ ಭಾರದಲ್ಲಿ ಶೇಕಡಾ 26ರಷ್ಟು. ಇಂಥ ಲೆಕ್ಕ ಬಂದರೆ ಮೇಲ್ಸೇತುವೆಗೆ ಮೊದಲು ಯೋಚಿಸಬೇಕಾದದ್ದು ಗಂಜ್‌ಗೆ ಹೋಗುವ ಟ್ರ್ಯಾಕ್ಟರುಗಳಿಗೆ ಬೇರೆ ದಾರಿ ಅಥವಾ ಬೇರೆ ಹೊತ್ತು ಗೊತ್ತು ಮಾಡುವುದನ್ನು.

ಇಲ್ಲಿ ಒಂದು ಎಚ್ಚರಿಕೆ. ಆ ಟ್ರ್ಯಾಕ್ಟರಿನ ಮೇಲೆ ಕೂತಿರುವವರು ನಿಮ್ಮಲ್ಲೇ ಯಾರದೋ ಅಪ್ಪ ಅಥವಾ ಚಿಕ್ಕಪ್ಪ. ರಾತ್ರಿಯೆಲ್ಲ ಹತ್ತಿ ಹೇರಿ ಬೆಳಿಗ್ಗೆ ಹರಾಜಿಗೆ ಮುಟ್ಟಬೇಕಾದವರು. ಅವರಿಗೆ ಯಾವ ಹೊತ್ತು ಅನುಕೂಲ ಎಂದು ಅವರನ್ನೇ ಕೇಳದೆ ಸಲಹೆ ಬರೆದರೆ, ನಮ್ಮನ್ನು ಕೇಳಲಿಲ್ಲ ಎಂದು ನಾವು ಯಾರ ಮೇಲೆ ದೂರುತ್ತೇವೋ ಅವರ ಸಾಲಿಗೇ ನಾವೂ ಸೇರುತ್ತೇವೆ. ಎಣಿಕೆ ಮುಗಿಸಿದ ಮೇಲೆ ಸರ್ಕಲಿನ ಸುತ್ತ ಒಂದು ಸುತ್ತು ಹಾಕಿ. ಅಂಗಡಿಯವರು, ಆಟೋದವರು, ಟ್ರ್ಯಾಕ್ಟರಿನವರು, ಬುಟ್ಟಿ ಹೊತ್ತವರು, ಗಾಲಿಕುರ್ಚಿಯಲ್ಲಿ ಹೋಗುವವರು, ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿ: 'ಇಲ್ಲಿ ನಿಮಗೆ ಯಾವುದು ಕಷ್ಟ?' ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ.

ಆಮೇಲೆ ಪತ್ರ. ಒಂದೇ ಪುಟ ಸಾಕು. ಮೊದಲು ಎಣಿಸಿದ ಅಂಕಿಗಳು, ದಿನ ಮತ್ತು ವೇಳೆ ಸಹಿತ. ನಂತರ ಜನ ಹೇಳಿದ ಕಷ್ಟಗಳು. ನಂತರ ಒಂದೋ ಎರಡೋ ಸಲಹೆ. ಕೊನೆಯಲ್ಲಿ ಒಂದು ಪ್ರಶ್ನೆ: ಈ ಬಗ್ಗೆ ಇಲಾಖೆ ಏನು ತೀರ್ಮಾನಿಸಿತು, ಯಾವ ಕಾರಣಕ್ಕೆ? ಪತ್ರವನ್ನು ಕಚೇರಿಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಂಡು ಬನ್ನಿ. ಒಂದು ತಿಂಗಳ ನಂತರ ಆ ಪ್ರತಿಯನ್ನು ಹಿಡಿದು ಮತ್ತೆ ಹೋಗಿ.

ನೀವು ಹೇಳಿದ್ದೆಲ್ಲ ಆಗಿಬಿಡುತ್ತದೆ ಎಂದು ನಾನು ಭರವಸೆ ಕೊಡಲಾರೆ. ಸಮಾಲೋಚನೆ ಚುನಾವಣೆಯಲ್ಲ; ಹೆಚ್ಚು ಪತ್ರ ಬಂದ ಪಕ್ಷವೇ ಗೆಲ್ಲಬೇಕೆಂದಿಲ್ಲ. ಜನ ತಪ್ಪು ಹೇಳುವುದೂ ಉಂಟು. ರಸ್ತೆ ಅಗಲ ಮಾಡಿದ ಮಾತ್ರಕ್ಕೆ ದಟ್ಟಣೆ ಕರಗುತ್ತದೆ ಎಂದು ನಾವೆಲ್ಲ ನಂಬುತ್ತೇವೆ. ಹೊಸದೊಂದು ರಸ್ತೆ ಸೇರಿಸಿದ್ದರಿಂದಲೇ ಎಲ್ಲರ ಪ್ರಯಾಣದ ಸಮಯ ಹೆಚ್ಚಬಹುದು ಎಂದು ಜರ್ಮನಿಯ ಗಣಿತಜ್ಞ ಡೀಟ್ರಿಶ್ ಬ್ರಾಯೆಸ್ 1968ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದಾರೆ. ಎಂಜಿನಿಯರು 'ಇದು ಆಗದು' ಎಂದರೆ ಕಾರಣ ಕೇಳಿ. ಕಾರಣ ಸರಿಯಾಗಿದ್ದರೆ ಒಪ್ಪಿಕೊಳ್ಳಿ. ಹೇಳುವ ಹಕ್ಕಿನ ಜೊತೆಗೆ ಒಪ್ಪುವ ಗುಣವೂ ಬೇಕು. ಕಾರಣವನ್ನೇ ಹೇಳದಿದ್ದರೆ ಮಾತ್ರ ಬಿಡಬೇಡಿ.

ನಾಳೆ ಬೆಳಿಗ್ಗೆ ನಿಮ್ಮ ಬಸ್ಸು ಸರ್ಕಲಿನಲ್ಲಿ ನಿಂತಾಗ ಕಿಟಕಿಯಿಂದ ಹೊರಗೆ ನೋಡಿ. ಐದು ನಿಮಿಷ ನಿಂತರೆ ಐದು ನಿಮಿಷ ಎಣಿಸಿ. ನೋಟು ಪುಸ್ತಕದ ಕೊನೆಯ ಹಾಳೆ ಸಾಕು. ರಸ್ತೆಯಂಚಿನಲ್ಲಿ ದಾಟಲು ಕಾದು ನಿಂತವರನ್ನು ಬಿಡದೆ ಎಣಿಸಿ. ನಾನು ಒಮ್ಮೆ ಅವರನ್ನು ಬಿಟ್ಟಿದ್ದೆ.